ನಾನು ಬೈಯುವುದನ್ನು ಬಿಟ್ಟಾಗ

ನನ್ನ ಗಂಟಲಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ತರಕಾರಿ ಶೆಡ್ ಇದೆ. ಅದರ ಹಿಂಬದಿಯಲ್ಲಿ ನಿಂತು ನಾನು ಯಾರನ್ನಾದರೂ ಬೈದರೆ, ರಸ್ತೆಯಾಚೆಯ ಟೀ ಅಂಗಡಿಯವನು ಯಾರಿಗೆ ಬಿತ್ತು, ಯಾಕೆ ಬಿತ್ತು ಎಂದು ತನ್ನ ಗಿರಾಕಿಗಳಿಗೆ ವಿವರಿಸುತ್ತಿದ್ದ. ಅದರಲ್ಲಿ ನನಗೆ ನಾಚಿಕೆಯೇನೂ ಇರಲಿಲ್ಲ. ಬೈರಕೂರಿನ ಕಡೆಯ ನಮ್ಮ ತವರುಮನೆಯಲ್ಲಿ ಎಲ್ಲರೂ ಹೀಗೆಯೇ, ಊಟಕ್ಕೆ ಕರೆಯುವುದನ್ನೂ ಜಗಳದ ದನಿಯಲ್ಲೇ ಕರೆಯುವವರು. ಮದುವೆಯಾದ ಹೊಸತರಲ್ಲಿ ನನ್ನ ಗಂಡ, ನಿಮ್ಮನೆಯಲ್ಲಿ ಯಾರಿಗಾದರೂ ಕಿವಿ ಕೇಳುವುದಿಲ್ಲವೇ ಎಂದು ಮೆಲ್ಲಗೆ ವಿಚಾರಿಸಿದ್ದರು.

ಶೆಡ್ಡಿಗೆ ಬೆಳಿಗ್ಗೆ ಸುತ್ತಲಿನ ಊರುಗಳಿಂದ ಟೊಮೆಟೊ, ಬೀನ್ಸ್, ಕ್ಯಾಪ್ಸಿಕಂ ಬರುತ್ತವೆ, ಬೇಸಿಗೆಯಲ್ಲಿ ಮಾವು. ಹೆಂಗಸರು ಉದ್ದನೆಯ ಮೇಜಿನ ಎರಡೂ ಕಡೆ ನಿಂತು ಗಾತ್ರ ನೋಡಿ, ಬಣ್ಣ ನೋಡಿ, ಕೊಳೆತದ್ದು ಗಾಯವಾದದ್ದನ್ನು ಬೇರೆ ಹಾಕಿ, ಒಳ್ಳೆಯದನ್ನು ಕ್ರೇಟಿಗೆ ತುಂಬುತ್ತಾರೆ. ಸಂಜೆ ಲಾರಿ ಬೆಂಗಳೂರಿನ ಅಂಗಡಿಗಳಿಗೆ ಹೊರಡುತ್ತದೆ. ನಾನು ಅಲ್ಲಿ ಮ್ಯಾನೇಜರ್. ಆದರೆ ಶುರುವಿನಲ್ಲಿ ನಾನೂ ಅದೇ ಮೇಜಿನ ಮುಂದೆ ನಿಂತವಳೇ. ಪಿಯುಸಿ ಪಾಸಾಗಿದ್ದೆ, ಕಂಪ್ಯೂಟರಿಗೆ ಹೆದರಲಿಲ್ಲ, ಬಾಯಿಯಂತೂ ಇದ್ದೇ ಇತ್ತು. ಹಾಗಾಗಿ ಸೂಪರ್‌ವೈಸರ್ ಆದೆ, ಆಮೇಲೆ ಕೋಣೆ, ಕುರ್ಚಿ, ಫ್ಯಾನು ಎಲ್ಲ ಬಂದವು.

ನಾನು ಮೇಜಿನ ಮುಂದೆ ನಿಲ್ಲುತ್ತಿದ್ದ ಕಾಲದಲ್ಲಿ ನನ್ನ ಪಕ್ಕ ಇದ್ದವಳು ಸುಗಟೂರಿನವಳು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವಳು. ಇಬ್ಬರದೂ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಯಾವುದು ಎಲ್ಲಿ ಮುಗಿಯುತ್ತದೆ ಎಂದು ನಮಗೇ ಗೊತ್ತಾಗುತ್ತಿರಲಿಲ್ಲ. ನಾನು ಕೋಣೆಯೊಳಗೆ ಹೋದ ಮೇಲೂ ಅವಳು ನನಗೆ 'ಅಕ್ಕ' ಎಂದೇ ಅನ್ನುತ್ತಿದ್ದಳು, ನಾನು ಅವಳಿಗೆ 'ಏನೇ' ಎಂದೇ. ಮಧ್ಯಾಹ್ನ ಅವಳ ಡಬ್ಬಿಯ ಉಪ್ಪಿನಕಾಯಿ ನನ್ನ ಮುದ್ದೆಯ ಪಕ್ಕಕ್ಕೆ ಕೇಳದೆಯೇ ಬಂದು ಬೀಳುತ್ತಿತ್ತು.

ನಮ್ಮ ಕಡೆ ಹೆಂಗಸರು ಕೆಲಸಕ್ಕೆ ಒಬ್ಬೊಬ್ಬರಾಗಿ ಬರುವುದಿಲ್ಲ, ಊರಿನ ಗುಂಪಾಗಿ ಬರುತ್ತಾರೆ. ಒಂದು ಟೆಂಪೋ, ಒಬ್ಬಳು ಮುಂದಾಳು. ಅವಳು ಹೊರಟರೆ ಎಲ್ಲರೂ ಹೊರಡುತ್ತಾರೆ, ಅವಳ ಮನೆಯಲ್ಲಿ ನಾಮಕರಣವಿದ್ದರೆ ಆ ದಿನ ಯಾರೂ ಇಲ್ಲ. ಸುಗಟೂರಿನ ಗುಂಪಿಗೆ ಇವಳೇ ಮುಂದಾಳು. ನಮ್ಮ ಶೆಡ್ಡಿನ ಅರ್ಧಕ್ಕಿಂತ ಹೆಚ್ಚು ಕೈಗಳು ಆ ಗುಂಪಿನವು.

ಹೋದ ವರ್ಷ ಮಾವಿನ ಕಾಲಕ್ಕೆ ಮುಂಚೆ, ಬೆಂಗಳೂರಿನ ಆಫೀಸಿನವರು ಎಲ್ಲ ಶೆಡ್ಡುಗಳ ಮ್ಯಾನೇಜರುಗಳನ್ನೂ ಕೋಲಾರದ ಒಂದು ಹೋಟೆಲಿನ ಹಾಲಿಗೆ ಕರೆಸಿ ಎರಡು ದಿನ ತರಬೇತಿ ಕೊಡಿಸಿದರು. ವಿಷಯ, ಮನಸ್ಸು ಮತ್ತು ಮಿದುಳನ್ನು ತಿಳಿದುಕೊಂಡು ಜನರಿಂದ ಕೆಲಸ ತೆಗೆಯುವುದು ಹೇಗೆ ಎಂಬುದು. ಹೇಳಿಕೊಡಲು ಬಂದವಳು ಮನಶ್ಶಾಸ್ತ್ರ ಓದಿದ ಹುಡುಗಿ. ಹತ್ತಿ ಸೀರೆ, ಕಾಲಿಗೆ ಓಟದ ಬೂಟು. ಅವಳ ಚೀಲದಲ್ಲಿ ಪ್ಲಾಸ್ಟಿಕ್ಕಿನ ಮಿದುಳೊಂದಿತ್ತು, ಹೂಕೋಸಿನ ಹಾಗೆ ಬಿಡಿಸಿ ತೋರಿಸುತ್ತಿದ್ದಳು. ಇನ್ನು ಇದನ್ನು ಕಲಿತು ನಾನು ಬೀನ್ಸ್ ಆರಿಸಬೇಕೇ ಎಂದು ಪಕ್ಕದಲ್ಲಿದ್ದ ಮಾಲೂರಿನ ಮ್ಯಾನೇಜರಿಗೆ ಹೇಳಿ ನಕ್ಕಿದ್ದೆ.

ಆದರೆ ಅವಳು ಒಂದು ಮಾತು ಹೇಳಿದಳು. ಮನುಷ್ಯನನ್ನು ಗದರಿಸಿದಾಗ ಮಿದುಳಿನಲ್ಲಿ ಅಪಾಯವನ್ನು ಕಾಯುವ ಭಾಗ ಮೊದಲು ಎದ್ದು ಕೂರುತ್ತದಂತೆ. ಆಗ ಯೋಚಿಸುವ ಭಾಗದ ಕೆಲಸ ಹಿಂದೆ ಬೀಳುತ್ತದಂತೆ. ಓಡಲು, ಅಡಗಲು, ತಿರುಗಿ ಹೊಡೆಯಲು ಮೈ ಸಿದ್ಧವಾಗುತ್ತದೆ, ಒಳ್ಳೆಯ ಹಣ್ಣು ಯಾವುದು ಕೆಟ್ಟದ್ದು ಯಾವುದು ಎಂದು ನೋಡಲು ಅಲ್ಲ. ನನಗೆ ನಗು ನಿಂತುಹೋಯಿತು. ಮೇಜಿನ ಮುಂದೆ ನಿಲ್ಲುತ್ತಿದ್ದ ದಿನಗಳಲ್ಲಿ ಹಿಂದಿನ ಸೂಪರ್‌ವೈಸರ್ ನನ್ನ ಬೆನ್ನ ಹಿಂದೆ ಬಂದು ಕಿರುಚಿದಾಗ, ಕೊಳೆತ ಟೊಮೆಟೊ ಕಣ್ಣಿಗೆ ಕಾಣುತ್ತಿದ್ದರೂ ಕೈ ಅದನ್ನೇ ಕ್ರೇಟಿಗೆ ಹಾಕುತ್ತಿತ್ತು. ಅದಕ್ಕೊಂದು ಕಾರಣ ಇರಬಹುದು ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ನಾನು ಪೆದ್ದಿ ಅಂತಲೇ ಅಂದುಕೊಂಡಿದ್ದೆ.

ನನ್ನ ಸ್ವಭಾವ ಹೇಗೆಂದರೆ, ನಂಬುವುದಿಲ್ಲ, ನಂಬಿದರೆ ಮಾತ್ರ ತಲೆಯ ಮೇಲೆ ಹೊತ್ತುಕೊಂಡು ಕುಣಿಯುತ್ತೇನೆ. ತರಬೇತಿ ಮುಗಿಸಿ ಬಂದ ಮರುದಿನದಿಂದ ನಾನು ಬೇರೆಯೇ ಹೆಂಗಸಾದೆ. ದನಿ ತಗ್ಗಿಸಿದೆ. ಎಲ್ಲರಿಗೂ 'ನೀವು' ಎಂದೆ. ತಪ್ಪನ್ನು ಎಲ್ಲರ ಮುಂದೆ ಹೇಳಬಾರದು, ಪ್ರತ್ಯೇಕವಾಗಿ ಕರೆದು ಹೇಳಬೇಕು ಎಂದು ಹುಡುಗಿ ಹೇಳಿದ್ದಳು. ಹಾಗೇ ಮಾಡಿದೆ. ಹೊಗಳುವುದಾದರೆ ಎಲ್ಲರ ಮುಂದೆ ಹೊಗಳಬೇಕು ಎಂದಿದ್ದಳು. ಅದನ್ನೂ ಮಾಡಿದೆ.

ಹೊಗಳಿದ ಕಥೆ ಕೇಳಿ. ನನ್ನ ಸುಗಟೂರಿನವಳನ್ನೇ ಮೇಜಿನ ತುದಿಯಲ್ಲಿ ನಿಲ್ಲಿಸಿ, ಇವರಷ್ಟು ಚೊಕ್ಕವಾಗಿ ಆರಿಸುವ ಕೈ ಈ ಜಿಲ್ಲೆಯಲ್ಲೇ ಇಲ್ಲ ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದೆ. ಅವಳು ಸಂತೋಷದಿಂದ ಹಿಗ್ಗುತ್ತಾಳೆ ಅಂದುಕೊಂಡರೆ ಮುಖ ಸಣ್ಣಗೆ ಮಾಡಿಕೊಂಡು ಸೆರಗು ಎಳೆದುಕೊಂಡಳು. ಮಾರನೆಯ ದಿನ ಬಂದಾಗ ಕಿವಿಯ ಹಿಂದೆ ಕಾಡಿಗೆಯ ಬೊಟ್ಟಿತ್ತು. ಅಷ್ಟು ಜನರ ಕಣ್ಣು ಒಟ್ಟಿಗೆ ಬಿದ್ದು ದೃಷ್ಟಿಯಾಯಿತೆಂದು ಸಂಜೆ ಮನೆಯಲ್ಲಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರಂತೆ, ಘಾಟೇ ಬರಲಿಲ್ಲವಂತೆ. ಘಾಟು ಬಾರದಿದ್ದರೆ ದೃಷ್ಟಿ ಜೋರಾಗಿದೆ ಎಂದು ಅರ್ಥ. ಇದನ್ನು ಹೇಳಿದ್ದು ಅವಳಲ್ಲ, ಬೇರೆ ಊರಿನ ಹೆಂಗಸು. ನಾನು ಒಳಗೊಳಗೇ ನಕ್ಕೆ.

ಇಷ್ಟಾದರೂ ಕೆಲಸ ಸುಧಾರಿಸಿತ್ತು. ಅಂಗಡಿಗಳಿಂದ ವಾಪಸು ಬರುವ ಮಾಲು ಕಡಿಮೆಯಾಯಿತು. ಬೆಂಗಳೂರಿನಿಂದ ಫೋನ್ ಮಾಡಿ, ಏನು ಮೇಡಂ, ಮಂತ್ರ ಹಾಕಿದಿರಾ ಎಂದು ಕೇಳಿದರು. ನಾನು ಬೀಗಿದೆ. ಶೆಡ್ಡು ಎಷ್ಟು ನಿಶ್ಶಬ್ದವಾಗಿದೆ ಎಂದು ನೋಡಿ ಹೆಮ್ಮೆಪಟ್ಟೆ. ಆ ನಿಶ್ಶಬ್ದದಲ್ಲಿ ಹಾಡು ನಿಂತಿದೆ, ತಮಾಷೆ ನಿಂತಿದೆ ಎಂಬುದು ಕಿವಿಗೆ ಬೀಳಲಿಲ್ಲ. ಮಧ್ಯಾಹ್ನ ನಾನು ಊಟಕ್ಕೆ ಬಂದು ಕೂತರೆ ಅವರು ಬೇಗ ಬೇಗ ಡಬ್ಬಿ ಮುಚ್ಚಿ ಎದ್ದುಬಿಡುತ್ತಿದ್ದರು. ಕೆಲಸದ ಮೇಲೆ ಶ್ರದ್ಧೆ ಬಂದಿದೆ ಎಂದುಕೊಂಡೆ. ನಾನು ಬುದ್ಧಿವಂತಳಾದ ದಿನಗಳು ಅವು.

ಮಾವಿನ ಕಾಲ ಹತ್ತಿರ ಬಂತು. ಯಲ್ದೂರಿನ ಕಡೆಯ ತೋಟಗಳಿಂದ ಹಣ್ಣು ಬರಲು ಶುರುವಾದರೆ ನಮಗೆ ಎರಡನೆಯ ಮೇಜು ಬೇಕು. ಅದಕ್ಕೆ ಸುಗಟೂರಿನವಳನ್ನೇ ಸೂಪರ್‌ವೈಸರ್ ಮಾಡಬೇಕು ಎಂದು ನಾನು ಆಫೀಸಿನವರ ಹತ್ತಿರ ಹಟ ಹಿಡಿದು ಒಪ್ಪಿಸಿದ್ದೆ. ಅವಳಿಗೆ ಹೇಳಲು ಕೋಣೆಗೆ ಕರೆದೆ. ಬಾಗಿಲು ಹಾಕಿದೆ. ನೇರವಾಗಿ ವಿಷಯಕ್ಕೆ ಬರಬಾರದು, ಮೊದಲು ಅವರ ಮನಸ್ಸನ್ನು ತೆರೆಯುವ ಪ್ರಶ್ನೆ ಕೇಳಬೇಕು ಎಂದು ಹುಡುಗಿ ಹೇಳಿದ್ದು ನೆನಪಿತ್ತು. ಕೂರಿಸಿ, ನಿಮಗೆ ಇಲ್ಲಿ ಕೆಲಸ ಮಾಡುವುದು ಹೇಗೆ ಅನ್ನಿಸುತ್ತಿದೆ ಎಂದು ಮೆಲ್ಲಗೆ ಕೇಳಿದೆ. ಅವಳು ಚೆನ್ನಾಗಿದೆ ಮೇಡಂ ಅಂದಳು. ಅಷ್ಟರಲ್ಲಿ ಆಫೀಸಿನಿಂದ ಫೋನ್ ಬಂತು. ಆಮೇಲೆ ಮಾತಾಡೋಣ ಎಂದು ಕೈಸನ್ನೆ ಮಾಡಿದೆ. ಅವಳು ಎದ್ದು ಹೋದಳು. ಲಾರಿ, ಮಂಜುಗಡ್ಡೆ, ಕರೆಂಟು ಅಂತ ಆ ಮಾತು ಮುಂದಕ್ಕೆ ಹೋಗುತ್ತಲೇ ಇತ್ತು.

ಅವಳು ನನ್ನನ್ನು 'ಮೇಡಂ' ಎಂದದ್ದು ಆಗ ನನ್ನ ತಲೆಗೆ ಹೋಗಲೇ ಇಲ್ಲ.

ಆ ವಾರವೇ ಒಂದು ಬೆಳಿಗ್ಗೆ ಸುಗಟೂರಿನ ಟೆಂಪೋ ಬರಲಿಲ್ಲ. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಕೊನೆಗೆ ಡ್ರೈವರ್ ಸಿಕ್ಕಿದ. ಅವರೆಲ್ಲ ಮಾಲೂರಿನ ಒಂದು ಫ್ಯಾಕ್ಟರಿ ನೋಡಿಕೊಂಡು ಬಂದಿದ್ದಾರೆ, ವೈರು ಜೋಡಿಸುವ ಕೆಲಸವಂತೆ, ಸೋಮವಾರದಿಂದ ಅಲ್ಲಿಗೆ ಹೋಗುತ್ತಾರಂತೆ, ಫ್ಯಾಕ್ಟರಿಯ ಬಸ್ಸೇ ಊರಿಗೆ ಬರುತ್ತದಂತೆ ಎಂದ. ಈ ಗುಂಪು ಹೋದರೆ ಮಾವಿನ ಕಾಲಕ್ಕೆ ಶೆಡ್ಡು ಬಾಗಿಲು ಹಾಕಿದ ಹಾಗೆಯೇ. ಅದಕ್ಕಿಂತ ಹೆಚ್ಚಾಗಿ, ನನಗೆ ಒಂದು ಮಾತೂ ಹೇಳದೆ ಅವಳು ಹೋಗುತ್ತಾಳೆ ಎಂಬುದನ್ನು ನುಂಗಲಾಗಲಿಲ್ಲ. ಆ ದಿನ ಕೋಣೆಯಲ್ಲಿ ಕೂತು ಅತ್ತೆ. ಕೂಗಾಡುವವರು ಅಳುವುದಿಲ್ಲ ಎಂದುಕೊಂಡಿದ್ದರೆ ಅದು ತಪ್ಪು.

ಮರುದಿನ ಶೆಡ್ಡನ್ನು ಸೂಪರ್‌ವೈಸರ್‌ಗೆ ಒಪ್ಪಿಸಿ ಬಸ್ಸು ಹತ್ತಿ ಸುಗಟೂರಿಗೆ ಹೋದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ಕೋಪ ಮಾಡಿಕೊಳ್ಳಬಾರದು, ಆಪಾದನೆ ಮಾಡಬಾರದು, ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಎಲ್ಲ ಬಾಯಿಪಾಠವಾಗಿತ್ತು.

ಅವಳು ಮನೆಯಲ್ಲಿರಲಿಲ್ಲ, ಹಿಂದಿನ ಹುಳುಮನೆಯಲ್ಲಿದ್ದಳು. ಅವರದು ರೇಷ್ಮೆ ಸಾಕುವ ಮನೆ. ಹುಳುಗಳು ಕೊನೆಯ ಹಂತದಲ್ಲಿದ್ದವು, ಇನ್ನೇನು ಗೂಡು ಕಟ್ಟುವ ಕಾಲ. ಆಗ ಅವಕ್ಕೆ ಹಿಪ್ಪುನೇರಳೆ ಸೊಪ್ಪು ಎಷ್ಟು ಹಾಕಿದರೂ ಪೂರೈಸುವುದಿಲ್ಲ. ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಹುಳಕ್ಕೆ ರೋಗ ತಗಲುತ್ತದೆಂದು. ಬಾಗಿಲಿಗೆ ನೊಣ ಹೋಗದ ಹಾಗೆ ಬಲೆ ಕಟ್ಟಿದ್ದರು. ನಾನು ಬಲೆಯ ಈಚೆ, ಅವಳು ಬಲೆಯ ಆಚೆ. ಅವಳ ಸೊಸೆ ಸ್ವಲ್ಪ ದೂರದಲ್ಲಿ ಸೊಪ್ಪು ಹರಡುತ್ತಿದ್ದಳು. ಆ ಸೊಸೆಯೂ ನಮ್ಮ ಮೇಜಿನವಳೇ. ಸೇರಿ ಒಂದು ವರ್ಷವಾಗಿರಬಹುದು, ಮಾತೇ ಆಡದ ಹುಡುಗಿ, ನನ್ನ ಬೈಗುಳದಲ್ಲಿ ದೊಡ್ಡ ಪಾಲು ಅವಳಿಗೇ ಹೋಗುತ್ತಿತ್ತು.

ಬನ್ನಿ ಮೇಡಂ ಎಂದಳು ನನ್ನ ಗೆಳತಿ, ಕೈಯ ಕೆಲಸ ನಿಲ್ಲಿಸದೆ. ನಾನು ಬಾಯಿಪಾಠ ಶುರುಮಾಡಿದೆ. ನೀವು ಬರದೇ ಇದ್ದದ್ದು ಗಮನಕ್ಕೆ ಬಂತು, ನಿಮ್ಮ ತೊಂದರೆ ಏನೆಂದು ತಿಳಿದುಕೊಳ್ಳಲು ಬಂದೆ ಎಂದೆ. ತೊಂದರೆ ಏನಿಲ್ಲ ಮೇಡಂ ಎಂದಳು. ನಿಮ್ಮ ನಿರ್ಧಾರವನ್ನು ಗೌರವಿಸುತ್ತೇನೆ ಎಂದೆ. ಸರಿ ಮೇಡಂ ಎಂದಳು. ಅವಳ ಮುಖ ಬಲೆಯ ಹಿಂದೆ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಮೂರನೆಯ ಸಲ 'ಮೇಡಂ' ಕಿವಿಗೆ ಬಿದ್ದಾಗ ನನ್ನ ಪಿತ್ತ ನೆತ್ತಿಗೇರಿತು.

"ಏನೇ, ಮೇಡಂ ಅಂತೀಯ ನನ್ನ? ಒಂದೇ ಮೇಜಲ್ಲಿ ನಿಂತು ಕೊಳೆತ ಟೊಮೆಟೊ ಬಳ್ಕೊಂಡೋರು ನಾವು. ಹೋಗೋದಾದ್ರೆ ಹೋಗ್ತೀನಿ ಅಂತ ಮುಖಕ್ಕೆ ಹೇಳೋಕೇನಾಗಿತ್ತು ನಿಂಗೆ?"

ಊರಿಗೇ ಕೇಳಿಸಿರಬೇಕು. ಪಕ್ಕದ ಮನೆಯ ಮುದುಕಿ ಗೋಡೆಯ ಮೇಲಿಂದ ಇಣುಕಿದಳು. ಒಳಗೆ ಸೊಪ್ಪು ಹರಡುತ್ತಿದ್ದ ಕೈಗಳು ನಿಂತವು. ನನ್ನ ಗೆಳತಿ ಬಲೆಯ ಹತ್ತಿರ ಬಂದಳು. ಅವಳ ಕಣ್ಣು ತುಂಬಿತ್ತು, ಆದರೆ ತುಟಿಯಲ್ಲಿ ನಗುವಿನಂಥದ್ದೇನೋ ಇತ್ತು.

"ಅಬ್ಬ, ಬೈದ್ಯಲ್ಲ. ನನ್ನ ತೆಗೀತೀಯ ಅಂತ ನೀನು ಮುಖಕ್ಕೆ ಹೇಳಿದ್ಯಾ ಅಕ್ಕ? ಒಳಕ್ಕೆ ಕರ್ದೆ, ಬಾಗ್ಲು ಹಾಕ್ದೆ, ನೀವು ಅಂದೆ, ಕೆಲಸ ಹೇಗನ್ಸುತ್ತೆ ಅಂದೆ. ಕಳಿಸೋ ಮುಂಚೆ ಕೇಳೋ ಮಾತಲ್ವಾ ಅದು? ನೀನು ತೆಗೆಯೋಕೆ ಮುಂಚೆ ನಾನೇ ಹೋದ್ರೆ ಮರ್ಯಾದೆ ಉಳಿಯುತ್ತೆ ಅಂದ್ಕೊಂಡೆ."

ನಮ್ಮ ಶೆಡ್ಡಿನಲ್ಲಿ ಕೋಣೆಯ ಬಾಗಿಲು ಮುಚ್ಚುವುದು ಒಂದೇ ಕೆಲಸಕ್ಕೆ, ಯಾರನ್ನಾದರೂ ಕೆಲಸದಿಂದ ಕಳಿಸುವಾಗ. ಅದು ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಪ್ರತ್ಯೇಕವಾಗಿ ಕರೆದು ಹೇಳಬೇಕು ಎಂಬ ಪಾಠ ತಲೆಗೇರಿ ಅದನ್ನು ಮರೆತಿದ್ದೆ. ಸಣ್ಣ ತಪ್ಪಿಗೆಲ್ಲ ಒಬ್ಬೊಬ್ಬರನ್ನೇ ಒಳಗೆ ಕರೆದು ಮೆಲುದನಿಯಲ್ಲಿ ಮಾತಾಡಿ ಕಳಿಸುತ್ತಿದ್ದೆನಲ್ಲ, ಹೊರಗೆ ಮೇಜಿನ ಮುಂದೆ ನಿಂತವರು ಮುಂದಿನ ಸರದಿ ಯಾರದು ಎಂದು ಎಣಿಸುತ್ತಿದ್ದರಂತೆ. ಶೆಡ್ಡನ್ನೇ ಮುಚ್ಚುತ್ತಾರೆ, ಅದಕ್ಕೇ ಅಕ್ಕ ಎಲ್ಲರ ಹತ್ತಿರ ಒಳ್ಳೆಯವಳಾಗುತ್ತಿದ್ದಾಳೆ ಎಂದು ಸುದ್ದಿ ಬೇರೆ ಹಬ್ಬಿತ್ತು. ಮೊದಲು ಬೈದರೆ ಮಧ್ಯಾಹ್ನದೊಳಗೆ ಮುಗಿದುಹೋಗುತ್ತಿತ್ತು, ಈಗ ಅಕ್ಕನ ಮನಸ್ಸಿನಲ್ಲಿ ಏನಿದೆ ಎಂದು ಗೊತ್ತಾಗದೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ ಎಂದಳು.

ನಿನ್ನನ್ನು ಮಾವಿನ ಮೇಜಿಗೆ ಸೂಪರ್‌ವೈಸರ್ ಮಾಡೋಕೆ ಕರೆದಿದ್ದು ಕಣೇ ಎಂದೆ. ಅವಳು ನಂಬಲಿಲ್ಲ. ದೇವರಾಣೆ ಎಂದೆ. ಆಗ ಬಲೆ ಹಿಡಿದುಕೊಂಡು ನಗತೊಡಗಿದಳು, ನನಗೂ ನಗು ಬಂತು, ಇಬ್ಬರೂ ಅಳುತ್ತ ನಗುತ್ತ ನಿಂತೆವು. ಗೋಡೆಯ ಮೇಲಿನ ಮುದುಕಿ ಇವರಿಗೇನೋ ಆಗಿದೆ ಎಂದು ಕೆಳಗಿಳಿದಳು.

ಆಮೇಲೆ ಅವಳೇ ತೀರ್ಪು ಕೊಟ್ಟಳು. ಆ ಕೋಲಾರದ ತರಬೇತಿಯನ್ನೆಲ್ಲ ತೆಗೆದು ಕೆರೆಗೆ ಹಾಕು, ಮೊದಲಿನ ಹಾಗೆ ಬೈಯುತ್ತಾ ಇರು, ನಾವು ಬರುತ್ತೇವೆ ಎಂದಳು. ನಾನು ಸಂತೋಷದಿಂದ ಹೂಂ ಅನ್ನುವವಳಿದ್ದೆ. ನನಗೂ ಅದೇ ಬೇಕಿತ್ತು. ಮೆಲ್ಲಗೆ ಮಾತಾಡಿ ಮಾತಾಡಿ ಗಂಟಲು ತುಕ್ಕು ಹಿಡಿದ ಹಾಗಾಗಿತ್ತು.

ಆಗ ಒಳಗಿನಿಂದ ಸೊಸೆಯ ದನಿ ಬಂತು. ಆ ಹುಡುಗಿ ಸೊಪ್ಪಿನ ಕಡೆಯೇ ನೋಡುತ್ತ ಹೇಳಿದಳು.

"ಅಕ್ಕಾ, ಬೈಬೇಡಿ. ನೀವು ಬೈಯೋದು ನಿಲ್ಸಿದ್ಮೇಲೆ ನನ್ ಕೈ ನಡುಗ್ಲಿಲ್ಲ."

ಅತ್ತೆ ತಿರುಗಿ ನೋಡಿದಳು. ನಿನ್ನ ಕೈ ನಡುಗುತ್ತಿತ್ತಾ ಎಂದು ಕೇಳಿದಳು. ದಿನಾ ಎಂದಿತು ಹುಡುಗಿ. ಶೆಡ್ಡಿನಲ್ಲೂ, ಮನೆಯಲ್ಲೂ. ಮನೆಯಲ್ಲೂ ಎಂಬ ಮಾತನ್ನು ಬಹಳ ಸಣ್ಣದಾಗಿ ಹೇಳಿತು. ಅತ್ತೆ ಬುಟ್ಟಿಯಿಂದ ಸೊಪ್ಪು ತೆಗೆದು ತಟ್ಟೆಗೆ ಹರಡುತ್ತ ನಿಂತಳು. ಅಲ್ಲಿ ನಿಂತು ನನಗೆ ಅನ್ನಿಸಿದ್ದು ಇಷ್ಟು: ಒಂದೇ ಒಲೆಯ ಊಟ ಉಣ್ಣುವ ಇಬ್ಬರಲ್ಲಿ ಒಬ್ಬಳಿಗೆ ನನ್ನ ಮೌನ ಹೆದರಿಕೆ, ಇನ್ನೊಬ್ಬಳಿಗೆ ನನ್ನ ದನಿ ಹೆದರಿಕೆ. ನಾನು ಇಬ್ಬರಿಗೂ ಒಂದೇ ಔಷಧ ಕುಡಿಸಿದ್ದೆ.

ಬಸ್ಸಿನಲ್ಲಿ ವಾಪಸು ಬರುವಾಗ ಆ ತರಬೇತಿಯ ಹುಡುಗಿಗೆ ಫೋನ್ ಮಾಡಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ದೃಷ್ಟಿಯ ವಿಷಯಕ್ಕೂ ಬಾಗಿಲಿನ ವಿಷಯಕ್ಕೂ, ಇದು ನನಗೆ ಗೊತ್ತಿರಲಿಲ್ಲ, ಮೊದಲು ನಿಮ್ಮ ಜನರ ರೂಢಿ ಕೇಳಬೇಕಿತ್ತು ಎಂದು ಒಪ್ಪಿಕೊಂಡಳು. ಆದರೆ ಮುಂದೇನಾಗುತ್ತದೆ ಎಂದು ಗೊತ್ತಿಲ್ಲದೆ ಇರುವುದು ಕೆಟ್ಟ ಸುದ್ದಿಗಿಂತ ಹೆಚ್ಚು ಹೆದರಿಸಬಹುದು, ಅದನ್ನು ಎರಡನೆಯ ದಿನ ಊಟವಾದ ಮೇಲೆ ವಿವರವಾಗಿ ಹೇಳಿದ್ದೆನಲ್ಲ ಮೇಡಂ ಎಂದಳು. ಎರಡನೆಯ ದಿನ ಊಟಕ್ಕೆ ಹೋಳಿಗೆ ಇತ್ತು. ಊಟವಾದ ಮೇಲೆ ನಾನು ಮಾಲೂರಿನ ಮ್ಯಾನೇಜರ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದೆ. ಮಾತು ಬದಲಿಸಿ ಫೋನ್ ಇಟ್ಟೆ.

ಸೋಮವಾರ ಸುಗಟೂರಿನವರು ಬಂದರು. ಮಾಲೂರಿನ ಬಸ್ಸಿಗೆ ಇಬ್ಬರು ಹೋದರು, ಉಳಿದವರೆಲ್ಲ ಬಂದರು. ಹೋದವರಿಗೆ ಅಲ್ಲಿ ಕೂತು ಮಾಡುವ ಕೆಲಸ, ಸೊಂಟ ನೋವಿನವರು, ಒಳ್ಳೆಯದೇ ಆಯಿತು. ಅವತ್ತು ನಾನು ಮೇಜಿನ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ಯಾರನ್ನೂ ತೆಗೆಯುವುದಿಲ್ಲ, ಶೆಡ್ಡು ಮುಚ್ಚುವುದಿಲ್ಲ, ನನ್ನ ಕೋಣೆಯ ಬಾಗಿಲು ಇನ್ನು ಮೇಲೆ ತೆರೆದೇ ಇರುತ್ತದೆ. ಯಾರಿಗೆ ಏನು ಹೇಳಬೇಕೋ ಅದನ್ನು ಆವತ್ತೇ, ಸಂಜೆ ಟೀ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಹೇಳುತ್ತೇನೆ, ನಾಳೆಗೆ ಉಳಿಸುವುದಿಲ್ಲ. ನಿಮಗೆ ನನ್ನ ಮೇಲೆ ಏನಿದ್ದರೂ ಆಗಲೇ ಹೇಳಿ. ನಾವು ಬೈದರೆ ನೀವು ಸಹಿಸಿಕೊಳ್ಳುತ್ತೀರಾ ಎಂದು ಹಿಂದಿನಿಂದ ಯಾರೋ ಕೇಳಿದರು. ಪ್ರಯತ್ನಿಸುತ್ತೇನೆ ಎಂದೆ. ಎಲ್ಲರೂ ನಕ್ಕರು.

ಯಾರಿಗೆ ಹೇಗೆ ಹೇಳಬೇಕು ಎಂದು ಕಲಿಯಲು ನನಗೆ ಆ ಮಾವಿನ ಕಾಲವೆಲ್ಲ ಹಿಡಿಯಿತು. ಕೆಲವರಿಗೆ ಜೋರಾಗಿ ಹೇಳಿದರೇ ಸಮಾಧಾನ. ಕೆಲವರ ಹತ್ತಿರ ಮೊದಲು ಮನೆಯ ವಿಷಯ ವಿಚಾರಿಸಬೇಕು. ಹೊಗಳುವುದಿದ್ದರೆ ಗುಂಪಿನ ಮುಂದೆ ಅಲ್ಲ, ಕಿವಿಯಲ್ಲಿ. ಎಷ್ಟೋ ಸಲ ತಪ್ಪಿದೆ, ಕೂಗಿದೆ, ಟೀ ಅಂಗಡಿಯವನಿಗೆ ಇನ್ನೂ ಆಗಾಗ ಸುದ್ದಿ ಸಿಗುತ್ತದೆ.

ಮಾವಿನ ಮೇಜಿನ ಮೊದಲ ದಿನ ನನ್ನ ಗೆಳತಿ ಹೊಸ ಏಪ್ರನ್ ಕಟ್ಟಿ ನಿಂತಿದ್ದಳು. ಸಾಲಿನ ಕೊನೆಯಲ್ಲಿ ಅವಳ ಸೊಸೆ. ಯಲ್ದೂರಿನ ಬಾದಾಮಿ ಮಾವು ಬರುತ್ತಿತ್ತು. ತೊಟ್ಟಿನ ಬಳಿ ಕಪ್ಪಾಗಿದ್ದ ಒಂದು ಹಣ್ಣು ಆ ಹುಡುಗಿಯ ಕೈಯಿಂದ ಒಳ್ಳೆಯ ಕ್ರೇಟಿಗೆ ಹೋಯಿತು. ನಾನು ನೋಡಿದೆ, ಅತ್ತೆಯೂ ನೋಡಿದಳು. ಅವಳ ಬಾಯಿ ತೆರೆದದ್ದು ನನಗೆ ಕಂಡಿತು, ಆ ಬಾಯಿಯಿಂದ ಏನು ಬರುತ್ತದೆ ಎಂದೂ ನನಗೆ ಗೊತ್ತಿತ್ತು. ಅವಳು ಬಾಯಿ ಮುಚ್ಚಿದಳು. ಮೇಜು ಬಳಸಿಕೊಂಡು ಹೋಗಿ ಸೊಸೆಯ ಪಕ್ಕ ನಿಂತು, ಆ ಹಣ್ಣನ್ನು ತಾನೇ ತೆಗೆದು ತೋರಿಸಿ, ಹುಡುಗಿಯ ಬೆನ್ನಿನ ಮೇಲೆ ಕೈ ಇಟ್ಟಳು.

"ಇದೊಂದು ತೆಗಿ ತಾಯಿ. ಮಿಕ್ಕಿದ್ದೆಲ್ಲ ಚೆನ್ನಾಗಿ ಆರ್ಸಿದ್ದೀಯ."

ಹುಡುಗಿ ತಲೆಯಾಡಿಸಿ ಮುಂದಿನ ಹಣ್ಣನ್ನು ಎತ್ತಿಕೊಂಡಳು. ನಾನು ಅವಳ ಕೈಯನ್ನೇ ನೋಡಿದೆ. ಅದು ನಡುಗಲಿಲ್ಲ.